ಮೋಹಿನಿಯ ಕಣ್ಣು ಎಲ್ಲಿತ್ತು?

ದಿನಾ ಬೆಳಿಗ್ಗೆ ಆರು ಗಂಟೆಗೆ ನನ್ನ ಮಗಳು ಕೆಳಮನೆಯವರ ತಲೆಯ ಮೇಲೆ ಕುಣಿಯುತ್ತಾಳೆ. ತಪ್ಪು ತಿಳಿಯಬೇಡಿ. ನಮ್ಮದು ಕಾರವಾರದ ಕಾಜುಬಾಗದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ. ಅಭ್ಯಾಸಕ್ಕೆ ಇರುವುದು ಹಾಲ್ ಒಂದೇ. ಅದರ ಕೆಳಗೆ ಸರಿಯಾಗಿ ಕೆಳಮನೆಯವರು ಮಲಗುವ ಕೋಣೆ. ತೈಯಾ ತೈ, ತೈಯಾ ತೈ ಅಂತ ಇವಳು ಕಾಲು ಹೊಡೆದರೆ ಅವರ ಫ್ಯಾನು ಅಲುಗುತ್ತದೆಯಂತೆ.

ಮೂರು ತಿಂಗಳು ಸುಮ್ಮನಿದ್ದ ಕೆಳಮನೆಯ ಹುಡುಗಿ ಒಂದು ಭಾನುವಾರ ಬಂದು ಬಾಗಿಲು ತಟ್ಟಿದಳು. ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡು ನಾನು ಮೊದಲು ಹೋಗಿ ಚಹಾಕ್ಕೆ ನೀರಿಟ್ಟೆ. ಚಹಾ ಕುಡಿಯುತ್ತಾ ಜಗಳ ಮಾಡುವುದು ಯಾರಿಗೂ ಕಷ್ಟ. ಅವಳು ಜಗಳ ಮಾಡಲಿಲ್ಲ. ಮಗಳನ್ನು ತೋರಿಸಿ, "ದೀದಿ, ಇವಳು ದಿನಾ ಏನು ಹೇಳ್ತಾಳೆ?" ಅಂತ ಕೇಳಿದಳು.

"ಏನೂ ಹೇಳಲ್ಲ ಆಂಟಿ, ಇದು ಬರೀ ಅಡವು. ಕಾಲು ಕೂರಿಸೋಕೆ," ಅಂದಳು ಮಗಳು.

"ಹಾಗಾದರೆ ಹೇಳೋದು ಯಾವಾಗ?"

ಮಗಳಿಗೆ ಉತ್ತರ ಹೊಳೆಯಲಿಲ್ಲ. ನನಗೂ ಇಲ್ಲ. ಆದರೆ ಪ್ರಶ್ನೆ ಮನೆಯಲ್ಲೇ ಉಳಿಯಿತು.

ಈ ಹುಡುಗಿಯ ಬಗ್ಗೆ ಎರಡು ಮಾತು. ಹೆಸರು ಬರೆಯುವುದಿಲ್ಲ, ಅವಳಿಗೆ ಇಷ್ಟವಿಲ್ಲ. ಊರು ನಾಗಾಲ್ಯಾಂಡ್. ಗಂಡನಿಗೆ ಇಲ್ಲಿನ ನೌಕಾನೆಲೆಯಲ್ಲಿ ಕೆಲಸ. ಐದು ವರ್ಷದ ಒಬ್ಬ ಮಗಳಿದ್ದಾಳೆ. ಗಂಡ ವಾರಗಟ್ಟಲೆ ಸಮುದ್ರದ ಮೇಲಿದ್ದಾಗ ತಾಯಿ ಮಗಳು ಇಬ್ಬರೇ. ನಾವಿಬ್ಬರೂ ಮಾತಾಡುವುದು ಹಿಂದಿಯಲ್ಲಿ. ನನ್ನದು ಸಿನಿಮಾ ನೋಡಿ ಬಂದ ಹಿಂದಿ, ಅವಳದ್ದು ಗಂಡನ ವರ್ಗಾವಣೆಯ ಜೊತೆ ಊರೂರು ಸುತ್ತಿ ಕಲಿತ ಹಿಂದಿ. ನಡುವೆ ಕೈಸನ್ನೆ ಜಾಸ್ತಿ. ಭಾನುವಾರ ಚರ್ಚಿಗೆ ಹೋಗುತ್ತಾಳೆ. ನಮ್ಮ ರಾಮಾಯಣ, ಭಾರತ, ಪುರಾಣ ಯಾವುದೂ ಅವಳು ಕೇಳಿ ಬೆಳೆದ ಕಥೆಗಳಲ್ಲ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ನನ್ನ ತವರು ಹೊನ್ನಾವರದ ಹತ್ತಿರದ ಹಳ್ಳಿ. ಅಲ್ಲಿ ದೇವಸ್ಥಾನದ ಬಯಲಿನಲ್ಲಿ ವರ್ಷಕ್ಕೊಮ್ಮೆ ಆಟ ಇರುತ್ತದೆ. ಆಟ ಅಂದರೆ ಯಕ್ಷಗಾನ. ನಮ್ಮ ಕಡೆ ಆಟಕ್ಕೆ ಹೋಗ್ತೇನೆ ಅಂದರೆ ಯಾವ ಆಟ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಯಾವ ಪ್ರಸಂಗ ಅಂತ. ಈ ಸಲ 'ಭಸ್ಮಾಸುರ ಮೋಹಿನಿ'. ಕೆಳಮನೆಯ ಹುಡುಗಿಯನ್ನೂ ಅವಳ ಮಗಳನ್ನೂ ಕರೆದುಕೊಂಡು ಹೋಗುವುದು ಅಂತ ತೀರ್ಮಾನವಾಯಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಟೀಚರ್ ಬುದ್ಧಿ ಎಲ್ಲಿ ಹೋದರೂ ಬಿಡುವುದಿಲ್ಲ. ಇವಳಿಗೆ ಕಥೆ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ. ಕುಣಿತಕ್ಕೆ ನಿಜವಾಗಿಯೂ ಕಥೆ ಹೇಳಲು ಬಂದರೆ ಇವಳಿಗೆ ತಿಳಿಯಬೇಕು, ಅಲ್ವಾ? ಹಾಗಾಗಿ ಒಂದು ಪಣ ತೊಟ್ಟೆ. ಆಟ ಮುಗಿಯುವ ತನಕ ಒಂದಕ್ಷರ ವಿವರಿಸುವುದಿಲ್ಲ. ವಾಪಸ್ ಬರುವಾಗ ಕಥೆಯನ್ನು ಅವಳೇ ನಮಗೆ ಹೇಳಬೇಕು. ಕೇಳಿದ ಮಗಳು, "ಅಮ್ಮ, ಪಾಪ ಆಂಟಿಗೂ ಪರೀಕ್ಷೆಯಾ?" ಅಂದಳು.

ಕಾರವಾರದಿಂದ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರ್. ಅಂಕೋಲಾದಲ್ಲಿ ಚಹಾ, ಕುಮಟಾದಲ್ಲಿ ಮಕ್ಕಳಿಗೆ ಐಸ್‌ಕ್ರೀಮ್, ತವರಿನಲ್ಲಿ ಊಟ. ಒಂಬತ್ತೂವರೆಗೆ ಬಯಲಿನಲ್ಲಿ ಕುರ್ಚಿ ಹಿಡಿದು ಕೂತೆವು. ಇಬ್ಬನಿ ಬೀಳುತ್ತಿತ್ತು. ಮಕ್ಕಳ ತಲೆಗೆ ಮಫ್ಲರ್ ಕಟ್ಟಿ, ಕೈಗೆ ಶೇಂಗಾ ಪೊಟ್ಟಣ ಕೊಟ್ಟದ್ದಾಯಿತು.

ಆಟ ಶುರುವಾದ ಹತ್ತು ನಿಮಿಷಕ್ಕೆ ಅವಳ ಮೊದಲ ಪ್ರಶ್ನೆ. ಹಿಂದೆ ತಾಳ ಹಿಡಿದು ಕೂತ ಭಾಗವತರನ್ನು ತೋರಿಸಿ, "ಆ ಮನುಷ್ಯ ಇವರೆಲ್ಲರ ಸಾಹೇಬರಾ? ಅವರು ಹಾಡಿದರೆ ಎಲ್ಲ ಕುಣಿಯುತ್ತಾರೆ, ನಿಲ್ಲಿಸಿದರೆ ನಿಲ್ಲುತ್ತಾರೆ." ಮಾತಾಡಬಾರದು ಅಂತ ಪಣ ತೊಟ್ಟ ನಾನು ನಕ್ಕು ಸುಮ್ಮನಾದೆ. ಭಾಗವತರನ್ನು ಆಟದ ನಿರ್ದೇಶಕ ಅಂತಲೇ ನಾವೂ ಹೇಳುತ್ತೇವೆ. ಇವಳು ಹತ್ತು ನಿಮಿಷದಲ್ಲಿ ಕಂಡುಕೊಂಡಳು.

ಇಲ್ಲಿ ಸ್ವಲ್ಪ ನಮ್ಮ ಕಡೆಯ ಆಟದ ಬಗ್ಗೆ ಹೇಳಬೇಕು. ಬಡಗುತಿಟ್ಟು ಅನ್ನುವ ಯಕ್ಷಗಾನ ಶೈಲಿಯಲ್ಲೇ ಉತ್ತರ ಕನ್ನಡದ್ದು ಬೇರೆ ರೀತಿ, ಬಡಾಬಡಗು ಅಂತಾರೆ. ಇಲ್ಲಿ ಪದ್ಯಾಭಿನಯಕ್ಕೆ ಬೆಲೆ ಜಾಸ್ತಿ. ಭಾಗವತರು ಪದ್ಯದ ಒಂದು ಸಾಲನ್ನು ಎತ್ತಿಕೊಂಡು ಮತ್ತೆ ಮತ್ತೆ ಹಾಡುತ್ತಾರೆ. ವೇಷಧಾರಿ ಪ್ರತಿ ಸಲವೂ ಅದಕ್ಕೆ ಬೇರೆ ಬೇರೆ ಜೀವ ಕೊಡುತ್ತಾನೆ. 'ಬಂದಳು' ಅಂತ ಒಂದೇ ಮಾತು ಇದೆ ಅಂದುಕೊಳ್ಳಿ. ಮೊದಲ ಸಲ ಸುಮ್ನೆ ಬರುತ್ತಾಳೆ. ಎರಡನೇ ಸಲ ಕಾಲಿಗೆ ಮುಳ್ಳು ಚುಚ್ಚುತ್ತದೆ. ಮೂರನೇ ಸಲ ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾಗಿ ನಡಿಗೆಯೇ ಬದಲಾಗುತ್ತದೆ. ಹಾಡಿನಲ್ಲಿ ಮಾತು ಒಂದೇ, ಮೈಯಲ್ಲಿ ಮೂರು. ಇದಾದ ಮೇಲೆ ಬರುವುದು ಅರ್ಥ, ಅಂದರೆ ಮಾತುಗಾರಿಕೆ. ನನ್ನ ಪಕ್ಕ ಕೂತವಳ ಪಾಲಿಗೆ ಅದು ಬರೀ ಸದ್ದು.

ನಾನು ಸಣ್ಣವಳಿದ್ದಾಗ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದ್ದೇನೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಊರಿಗೇ ಬಂದಂತೆ ಸಂಭ್ರಮ. 2017ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಭಸ್ಮಾಸುರ ನೋಡಿದ ಆ ರಾತ್ರಿ ಅವರು ಆಡಿದ ಒಂದು ಮಾತೂ ನನಗೆ ಈಗ ನೆನಪಿಲ್ಲ. ಮೋಹಿನಿಯನ್ನು ಕಂಡ ಕೂಡಲೇ ಅವರ ಮೈ ಕರಗಿದ ರೀತಿ ಮಾತ್ರ ನೆನಪಿದೆ. ಕಲ್ಲಿನಂತಿದ್ದ ಹೆಗಲು ಮೇಣ ಆಗಿತ್ತು. ನನಗೆ ಆಗ ಎಂಟೋ ಒಂಬತ್ತೋ. ಮೋಹ ಅನ್ನುವ ಮಾತಿನ ಅರ್ಥ ತಿಳಿಯದ ವಯಸ್ಸು. ಆದರೆ ಈ ಮನುಷ್ಯನಿಗೆ ಏನೋ ಆಗಿದೆ, ಇನ್ನು ಇವನು ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು.

ಮೊನ್ನೆಯ ಭಸ್ಮಾಸುರ ಒಬ್ಬ ಹುಡುಗ. ಮೂವತ್ತರ ಆಸುಪಾಸು. ಚಿಟ್ಟಾಣಿಯವರನ್ನು ನೋಡಿದವರ ಮುಂದೆ ಭಸ್ಮಾಸುರ ಮಾಡುವುದು ಪಾಪ ಸಣ್ಣ ಕಷ್ಟವಲ್ಲ. ಶುರುವಿನಲ್ಲಿ ನನಗೂ ಅಷ್ಟೇನೂ ಹಿಡಿಸಲಿಲ್ಲ. ಮಂಡಿ ಹಾಕಿ ತಿರುಗಿದ, ಜನ ಶಿಳ್ಳೆ ಹೊಡೆದರು, ಮತ್ತೆ ತಿರುಗಿದ. ಈಗಿನ ಆಟಗಳಲ್ಲಿ ಇದೊಂದು ರೋಗ. ಕಥೆ ಒಂದು ಕಡೆ ನಿಂತಿರುತ್ತದೆ, ವೇಷ ಬುಗುರಿಯ ಹಾಗೆ ತಿರುಗುತ್ತಲೇ ಇರುತ್ತದೆ. ಶಿಳ್ಳೆ ಹೊಡೆಯುವವರನ್ನೂ ಬಯ್ಯಬೇಕು.

ಆದರೆ ವರ ಸಿಕ್ಕಿದ ಮೇಲೆ ಆ ಹುಡುಗ ಒಂದು ಕೆಲಸ ಮಾಡಿದ.

ಕಥೆ ನಿಮಗೆ ಗೊತ್ತೇ ಇದೆ. ಶಿವ ಅವನಿಗೆ ಉರಿಹಸ್ತ ಕೊಟ್ಟ. ಯಾರ ತಲೆಯ ಮೇಲೆ ಆ ಕೈ ಇಟ್ಟರೂ ಸುಟ್ಟು ಬೂದಿ. ಶಿವ ಆಚೆ ಹೋದ. ರಂಗದ ಮೇಲೆ ಭಸ್ಮಾಸುರ ಒಬ್ಬನೇ. ತನ್ನ ಬಲಗೈಯನ್ನೇ ನೋಡಿದ. ಹೊಸ ಕೈ ಅನ್ನುವ ಹಾಗೆ ಅಂಗೈ, ಮುಂಗೈ ತಿರುಗಿಸಿ ನೋಡಿದ. ಬಾಯಿ ಹತ್ತಿರ ತಂದು ಉಫ್ ಅಂತ ಊದಿದ. ಬಿಸಿ ಅನ್ನುವ ಹಾಗೆ ದೂರ ಹಿಡಿದ. ಕುಣಿದು ಕುಣಿದು ಬೆವರಿದ್ದಾನಲ್ಲ, ಹಣೆ ಒರೆಸಿಕೊಳ್ಳಲು ಬಲಗೈ ಎತ್ತಿದ. ಎತ್ತಿದ ಕೈ ಕಿವಿಯ ಹತ್ತಿರ ಗಪ್ಪನೆ ನಿಂತಿತು. ಕಣ್ಣು ಮಾತ್ರ ನಿಧಾನಕ್ಕೆ ಕೈಯ ಕಡೆ ಹೊರಳಿತು. ಆಮೇಲೆ ಆ ಕೈಯನ್ನು, ಹಾವು ಹಿಡಿದವನ ಹಾಗೆ, ಮೈಯಿಂದ ದೂರ ದೂರ ಇಳಿಸಿದ. ಎಡಗೈಯಲ್ಲಿ ಬೆವರು ಒರೆಸಿಕೊಂಡ.

ಬಯಲಿಗೆ ಬಯಲೇ ನಕ್ಕಿತು. ಕೆಳಮನೆಯ ಹುಡುಗಿಯೂ ನಕ್ಕಳು. ಎಲ್ಲರ ಜೊತೆಗೇ ನಕ್ಕಳು, ನಮ್ಮನ್ನು ನೋಡಿ ಆಮೇಲೆ ನಕ್ಕದ್ದಲ್ಲ. ಅವಳ ಪುಟ್ಟ ಮಗಳು ತನ್ನ ಬಲಗೈಯನ್ನು ಮಫ್ಲರಿನಿಂದ ದೂರ ಹಿಡಿದುಕೊಂಡು ನೋಡುತ್ತಾ ಕೂತಳು.

ಇದಕ್ಕೆ ಭಾಗವತರು ಪದ್ಯ ಹಾಡಿರಲಿಲ್ಲ. ಹುಡುಗ ಅರ್ಥವನ್ನೂ ಹೇಳಿರಲಿಲ್ಲ. ಮದ್ದಳೆ ಮಾತ್ರ ಸಣ್ಣಗೆ ಜೊತೆಗಿತ್ತು. ಆದರೆ ಆ ಒಂದು ನಿಮಿಷದಲ್ಲಿ ಕಥೆಗೆ ಬೇಕಾದ್ದೆಲ್ಲ ಆಗಿಹೋಗಿತ್ತು. ಇವನ ಕೈಯಲ್ಲಿ ಬೆಂಕಿ ಇದೆ, ಇವನ ತಲೆಗೂ ಅದು ಬೆಂಕಿಯೇ, ಅದು ಇವನಿಗೂ ಗೊತ್ತಿದೆ. ಗೊತ್ತಿದ್ದೂ ಸಾಯುತ್ತಾನಲ್ಲ, ಅದು ಹೇಗೆ ಅನ್ನುವುದೇ ಮುಂದಿನ ಆಟ.

ಮೋಹಿನಿ ಬಂದಳು. ಕುಣಿದರೆ ನನ್ನ ಹಾಗೇ ಕುಣಿಯಬೇಕು, ಆಗ ಮಾತ್ರ ಮದುವೆ ಅಂತ ಅವಳ ಷರತ್ತು. ಭಸ್ಮಾಸುರ ಮೊದಲು ಅವಳ ಕಾಲು ನೋಡಿದ. ಹೊಸದಾಗಿ ಕಲಿಯುವವರೆಲ್ಲ ಕಾಲೇ ನೋಡುವುದು. ನನ್ನ ಮಗಳೂ ಮೊದಲ ವರ್ಷ ಟೀಚರ ಕಾಲು ಬಿಟ್ಟು ಏನೂ ನೋಡಿರಲಿಲ್ಲ. ಎಡವಿದ, ಗೆಜ್ಜೆ ತಪ್ಪಿತು, ಜನ ನಕ್ಕರು. ಆಮೇಲೆ ಕಾಲು ಕೂತಿತು. ಕಾಲು ಕೂತ ಮೇಲೆ ಕಣ್ಣು ಮೇಲೆ ಹೋಯಿತು. ಸೊಂಟಕ್ಕೆ, ಕೈಗೆ, ಕೊನೆಗೆ ಮುಖಕ್ಕೆ. ಮುಖಕ್ಕೆ ಹೋದದ್ದು ಅಲ್ಲೇ ಅಂಟಿಕೊಂಡಿತು. ಮೋಹಿನಿ ಸೊಂಟದ ಮೇಲೆ ಕೈ ಇಟ್ಟಳು, ಅವನೂ ಇಟ್ಟ. ಹೆಗಲ ಮೇಲೆ ಇಟ್ಟಳು, ಇವನೂ ಇಟ್ಟ. ಕೆನ್ನೆ. ಕಿವಿ. ತಾಳದ ಓಟ ಏರುತ್ತಾ ಹೋಯಿತು. ಕಿವಿಯ ಹತ್ತಿರ ಕೈ ಹೋದಾಗ ಬಯಲಿನಲ್ಲಿ ಯಾರೋ ಹೆಂಗಸು "ಅಯ್ಯೋ" ಅಂದದ್ದು ಕೇಳಿಸಿತು. ಕಥೆ ನೂರು ಸಲ ನೋಡಿದವರೇ ಇರಬೇಕು. ಆದರೂ ಅಯ್ಯೋ.

ತಲೆ. ಚಂಡೆ ಒಂದು ಕ್ಷಣ ನಿಂತಿತು. ಆಮೇಲೆ ಸಿಡಿಯಿತು.

ಮುಗಿದ ಮೇಲೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದೆ. ಮೋಹಿನಿ ಮಾಡಿದವರು ಕೂದಲು ಬಿಚ್ಚಿಟ್ಟು, ಪಂಚೆ ಸುತ್ತಿಕೊಂಡು, ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಾ ಸೊಳ್ಳೆಗೆ ಬಯ್ಯುತ್ತಿದ್ದರು. ಇವಳು ಅತ್ತ ಇತ್ತ ನೋಡಿ, "ದೀದಿ, ಆ ಹೆಂಗಸು ಎಲ್ಲಿ?" ಅಂದಳು. ತೋರಿಸಿದೆ. ಕುಮಟಾ ದಾಟುವ ತನಕ ನಂಬಲಿಲ್ಲ.

ನಡುರಾತ್ರಿ ದಾಟಿತ್ತು. ಹೆದ್ದಾರಿಯಲ್ಲಿ ಲಾರಿ ಬಿಟ್ಟರೆ ನಾವೇ. ಹಿಂದಿನ ಸೀಟಿನಲ್ಲಿ ಪುಟ್ಟಿ ಮಲಗಿದ್ದಳು. "ಈಗ ಹೇಳು ಕಥೆ," ಅಂದೆ.

ಅವಳು ಹೇಳಿದ್ದನ್ನು ಆದಷ್ಟು ಹಾಗೇ ಬರೆಯುತ್ತೇನೆ. ಒಬ್ಬ ಮನುಷ್ಯ ಇದ್ದ. ಮೊದಲು ಒಳ್ಳೆಯವನು, ಬಗ್ಗಿ ನಡೆಯುತ್ತಿದ್ದ. ಯಾರೋ ದೊಡ್ಡವರು ಅವನ ಕೈಗೆ ಬೆಂಕಿ ಕೊಟ್ಟರು. ಆಮೇಲೆ ಅವನು ಬಗ್ಗುವುದನ್ನೇ ಬಿಟ್ಟ. ಕೊಟ್ಟವರ ಮೇಲೇ ಕೈ ಎತ್ತಿಕೊಂಡು ಹೋದ. ಅವರು ಓಡಿದರು. ಆಮೇಲೆ ಕಾಡಿನಲ್ಲಿ ಒಬ್ಬ ಹೆಂಗಸು ಸಿಕ್ಕಿದಳು. ಅವಳಿಗೆ ಅವನ ಕೈಯ ವಿಷಯ ಗೊತ್ತಿರಲಿಲ್ಲ. ಪ್ರೀತಿಯಿಂದ ತನ್ನ ಕುಣಿತ ಕಲಿಸಿದಳು. ಅವನು ಕಲಿಯುವ ಖುಷಿಯಲ್ಲಿ ಮೈಮರೆತು ತಲೆಯ ಮೇಲೆ ಕೈ ಇಟ್ಟುಕೊಂಡ. ಸತ್ತ.

"ಪಾಪ," ಅಂತ ಸೇರಿಸಿದಳು.

ನನ್ನ ಗಂಡ ಕಾರಿನ ವೇಗ ಇಳಿಸಿದರು. ಮಗಳಿಗೆ ನಗು ತಡೆಯಲಾಗಲಿಲ್ಲ. ನಾವು ಹುಟ್ಟಿದಾಗಿನಿಂದ ನೋಡಿದ ಭಸ್ಮಾಸುರ ಮೋಹಿನಿ ಒಂದು ಪ್ರೇಮಕಥೆಯಾಗಿತ್ತು. ದುರಂತ ಪ್ರೇಮಕಥೆ!

ಎಲ್ಲಿ ತಪ್ಪಿತು ಅಂತ ಯೋಚಿಸಿದೆ. ಭಕ್ತಿ ಹಿಡಿದಿದ್ದಾಳೆ. ವರ ಹಿಡಿದಿದ್ದಾಳೆ. ಸೊಕ್ಕು ಹಿಡಿದಿದ್ದಾಳೆ, ಅದೂ ಎಷ್ಟು ಚೆನ್ನಾಗಿ, ಬಗ್ಗುವುದನ್ನೇ ಬಿಟ್ಟ ಅಂತ. ಸಾವು ಸರಿ. ತಪ್ಪಿದ್ದು ಒಂದೇ, ಮೋಹಿನಿ ವಿಷ್ಣು ಅನ್ನುವುದು. ಅದನ್ನು ಕುಣಿದು ಹೇಳುವುದು ಹೇಗೆ? ಅದು ಬಂದದ್ದು ಪದ್ಯದಲ್ಲಿ, ಅರ್ಥದಲ್ಲಿ. ಅವಳಿಗೆ ಅದೆರಡೂ ಸದ್ದು.

ಅಷ್ಟರಲ್ಲಿ ಅವಳೇ ಮತ್ತೆ ಶುರುಮಾಡಿದಳು. "ಆದರೆ ದೀದಿ, ಒಂದು ಅನುಮಾನ. ಪ್ರೀತಿ ಇದ್ದವಳು ಮುಖ ನೋಡಬೇಕಲ್ವಾ? ಅವಳು ಒಂದು ಸಲವೂ ಅವನ ಮುಖ ನೋಡಲಿಲ್ಲ. ನಗುತ್ತಿದ್ದಳು, ಆದರೆ ಕಣ್ಣು ಅವನ ಕೈ ಮೇಲೇ ಇತ್ತು. ಉದ್ದಕ್ಕೂ. ಅವಳಿಗೆ ಗೊತ್ತಿತ್ತಾ?"

ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ನಾನು ಈ ಪ್ರಸಂಗವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೋಹಿನಿಯ ಕಣ್ಣು ಎಲ್ಲಿದೆ ಅಂತ ಒಂದು ಸಲವೂ ನೋಡಿರಲಿಲ್ಲ. ಅವಳು ವಿಷ್ಣು ಅಂತ ಮೊದಲೇ ಗೊತ್ತಿತ್ತಲ್ಲ, ನೋಡುವ ಅಗತ್ಯ ಬೀಳಲಿಲ್ಲ. ಕಿವಿಗೆ ಎಲ್ಲ ಸಿಕ್ಕಿದವರ ಕಣ್ಣು ಸೋಮಾರಿ.

ಹಿಂದಿನ ಸೀಟಿನಿಂದ ಮಗಳು ಇನ್ನೊಂದು ಎಸೆದಳು. "ಅಮ್ಮ, ಕ್ಲಾಸಲ್ಲಿ ಹೇಳ್ತಾರಲ್ಲ, ಕೈ ಹೋದಲ್ಲಿ ಕಣ್ಣು ಹೋಗಬೇಕು, ಕಣ್ಣು ಹೋದಲ್ಲಿ ಮನಸ್ಸು. ಭಸ್ಮಾಸುರ ಅದನ್ನೇ ತಪ್ಪಿದ್ದು. ಕೈ ಒಂದು ಕಡೆ, ಕಣ್ಣು ಒಂದು ಕಡೆ. ನಮ್ಮ ಟೀಚರ್ ಆಗಿದ್ರೆ ಅಲ್ಲೇ ನಿಲ್ಲಿಸಿ ಬಯ್ತಿದ್ರು. ಸಾಯ್ತಿರಲಿಲ್ಲ."

ಅವಳು ಹೇಳಿದ್ದು ಅಭಿನಯದರ್ಪಣದ ಮಾತು. ನಂದಿಕೇಶ್ವರನದ್ದು ಅಂತ ಹೇಳುವ ಹಳೆಯ ಸಂಸ್ಕೃತ ಪುಸ್ತಕ. ಭರತನಾಟ್ಯ ಕಲಿಯುವ ಮಕ್ಕಳೆಲ್ಲ ಬಾಯಿಪಾಠ ಮಾಡುವ ಶ್ಲೋಕ. ಕೈ ಹೋದಲ್ಲಿ ಕಣ್ಣು, ಕಣ್ಣು ಹೋದಲ್ಲಿ ಮನಸ್ಸು, ಮನಸ್ಸು ಹೋದಲ್ಲಿ ಭಾವ, ಭಾವ ಇದ್ದಲ್ಲಿ ರಸ. ನಾನು ಇದನ್ನು ಇಷ್ಟು ದಿನ ಒಂದು ನಿಯಮ ಅಂದುಕೊಂಡಿದ್ದೆ, ಕ್ಲಾಸಿನ ಗೋಡೆಗೆ ಅಂಟಿಸುವಂಥದ್ದು. ಈಗ ನೋಡಿ, ವರ ಸಿಕ್ಕಿದ ಹೊಸದರಲ್ಲಿ ಆ ರಾಕ್ಷಸನ ಕಣ್ಣು ತನ್ನ ಕೈ ಬಿಟ್ಟು ಕದಲಿರಲಿಲ್ಲ. ಬೆವರು ಒರೆಸಿಕೊಳ್ಳುವಾಗಲೂ ಕಣ್ಣು ಕೈಯನ್ನು ಕಾಯುತ್ತಿತ್ತು. ಆಮೇಲೆ ಆ ಕಣ್ಣು ಅವಳ ಕಾಲಿಗೆ ಹೋಯಿತು, ಕಾಲಿನಿಂದ ಮುಖಕ್ಕೆ. ಕೈಯನ್ನು ಕಾಯುವವರು ಯಾರೂ ಇಲ್ಲ. ಅಲ್ಲ, ಒಬ್ಬಳು ಇದ್ದಳು, ಮೋಹಿನಿ. ಅವನ ಕೈಗೆ ಅವಳ ಕಣ್ಣು.

ಮರುದಿನ ಊರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ಹೇಳಿದೆ. ದೊಡ್ಡಪ್ಪ ಹರೆಯದಲ್ಲಿ ಊರಿನ ಹವ್ಯಾಸಿ ತಂಡದಲ್ಲಿ ಸ್ತ್ರೀವೇಷ ಮಾಡುತ್ತಿದ್ದವನು. ಮೋಹಿನಿಯನ್ನೂ ಮಾಡಿದ್ದಾನೆ. ಈಗ ಮಂಡಿ ನೋವು, ಕೂತಲ್ಲೇ ತಾಳಮದ್ದಳೆ. ಎಲ್ಲ ಕೇಳಿಸಿಕೊಂಡು, "ಅಡ್ಡಿಲ್ಲೆ ಹಂಗಾರೆ," ಅಂದ. ನಮ್ಮ ಕಡೆಯ ದೊಡ್ಡವರ ಬಾಯಿಂದ ಅಡ್ಡಿಲ್ಲೆ ಬಂತು ಅಂದರೆ ಅದು ದೊಡ್ಡ ಬಹುಮಾನ. ಆಮೇಲೆ ಒಂದು ಗುದ್ದು. "ತಂಗಿ, ಅದು ಆಟ ನೋಡಿದ್ದು. ನೀ ಎಂತ ನೋಡಿದ್ಯೇ?"

ಬಿಡುತ್ತೇನಾ? "ಹಾಗಾದರೆ ಮಾತೇ ಬೇಡ ಅಂತ ಆಯ್ತಲ್ಲ ದೊಡ್ಡಪ್ಪ?" ಅಂತ ಕೆಣಕಿದೆ. ಅವನಿಗೆ ಸಿಟ್ಟು ಬಂತು. ತಾಳಮದ್ದಳೆಯವರಿಗೆ ಬರಲೇಬೇಕು. ಅಲ್ಲಿ ವೇಷ ಇಲ್ಲ, ಗೆಜ್ಜೆ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕೂತು ಬರೀ ಮಾತಿನಲ್ಲೇ ಇಡೀ ಕುರುಕ್ಷೇತ್ರ ನಡೆಸುತ್ತಾರೆ. ಅದೇ ಪದ್ಯ, ಅದೇ ಕಥೆ. ಇನ್ನೊಂದು ತುದಿಯಲ್ಲಿ ಶಿವರಾಮ ಕಾರಂತರು. ಅವರು ಯಕ್ಷಗಾನದಿಂದ ಮಾತನ್ನೇ ತೆಗೆದು ಹಾಕಿ, ಹಾಡು ಕುಣಿತ ಅಷ್ಟೇ ಇಟ್ಟುಕೊಂಡು ಬ್ಯಾಲೆ ಮಾಡಿದರು. ದೊಡ್ಡಪ್ಪನ ಪ್ರಕಾರ ಮಾತು ತೆಗೆದರೆ ಅರ್ಧ ಆಟ ಹೋಯಿತು. ನಾನೂ ಅದನ್ನೇ ನಂಬಿಕೊಂಡು ಬಂದವಳು. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಕಾರಂತರು ಬೇಕೆಂದು ತೆಗೆದ ಮಾತು ಕೆಳಮನೆಯ ಹುಡುಗಿಗೆ ತಾನಾಗಿಯೇ ತೆಗೆದುಹೋಗಿತ್ತು. ಅವಳು ನೋಡಿದ ಆಟ ನಮ್ಮದಕ್ಕಿಂತ ಅರ್ಧವೇನೂ ಆಗಿರಲಿಲ್ಲ. ಬೇರೆಯೇ ಆಗಿತ್ತು.

ಆದರೆ ಕುಣಿತಕ್ಕೆ ಹೇಳಲಾಗದ್ದು ಇದೆ, ಅದನ್ನು ಮುಚ್ಚಿಡಬಾರದು. ಸೋಮವಾರ ಒಂಬತ್ತನೇ ತರಗತಿಯಲ್ಲಿ ಒಂದು ಆಟ ಆಡಿಸಿದೆ. ಚೀಟಿಯಲ್ಲಿ ಒಂದು ವಾಕ್ಯ ಬರೆದು ಒಬ್ಬ ಹುಡುಗನಿಗೆ ಕೊಟ್ಟೆ. 'ನಿನ್ನೆ ನನ್ನ ಅತ್ತಿಗೆಯ ತಮ್ಮ ಬರಲಿಲ್ಲ.' ಬಾಯಿ ಬಿಡದೆ ತೋರಿಸಬೇಕು, ಉಳಿದವರು ಹೇಳಬೇಕು. ಪಾಪ, ಹಿಂದಕ್ಕೆ ಕೈ ತೋರಿಸಿದ, ಸೆರಗು ಹೊದ್ದ ಹಾಗೆ ಮಾಡಿದ, ಎತ್ತರ ತೋರಿಸಿದ, ಬಾಗಿಲಲ್ಲಿ ನಿಂತು ಕಾದ, ತಲೆ ಅಲ್ಲಾಡಿಸಿದ. ತರಗತಿ ಒಕ್ಕೊರಲಿನಿಂದ ಕೊಟ್ಟ ಉತ್ತರ: "ಅಜ್ಜಿಯ ನಾಯಿ ಕಳೆದುಹೋಯ್ತು!" ನಮ್ಮ ಶಾಲೆಯ ಮಕ್ಕಳು ಅರ್ಧಕ್ಕರ್ಧ ಮನೆಯಲ್ಲಿ ಕೊಂಕಣಿ ಮಾತಾಡುವವರು. ಕನ್ನಡ ಪಾಠದಲ್ಲಿ ಅಷ್ಟು ಜೋರಾಗಿ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

ಕಳೆದುಹೋದದ್ದು ಏನು ನೋಡಿ. 'ನಿನ್ನೆ' ಹೋಯಿತು. ಅತ್ತಿಗೆಯ ತಮ್ಮ ಅನ್ನುವ ಸಂಬಂಧ ಹೋಯಿತು. 'ಬರಲಿಲ್ಲ' ಅರ್ಧ ಉಳಿಯಿತು, ಕಾದದ್ದು ಉಳಿಯಿತು. ನಮ್ಮ ಭಾಷೆಯಲ್ಲಿ ಬೇಡ, ಇಲ್ಲ, ಅಲ್ಲ ಅಂತ ಮೂರು ಬೇರೆ ಬೇರೆ ಇವೆಯಲ್ಲ. ಕುಣಿತಕ್ಕೆ 'ಬೇಡ' ಸಲೀಸು. ಭರತನಾಟ್ಯದ ಒಂಟಿ ಕೈಯ 28 ಹಸ್ತಗಳಲ್ಲಿ ಮೊದಲನೆಯದೇ ಪತಾಕ. ಹೆಬ್ಬೆರಳು ಮಡಚಿ, ಉಳಿದ ಬೆರಳೆಲ್ಲ ಜೋಡಿಸಿ ಚಾಚಿದ ಅಂಗೈ. ಮೋಡಕ್ಕೂ ಅದೇ, ಕಾಡಿಗೂ ಅದೇ, ಹೊಳೆಗೂ ರಾತ್ರಿಗೂ ಅದೇ, ಬೇಡ ಅನ್ನುವುದಕ್ಕೂ ಅದೇ. 'ಇಲ್ಲ' ಅನ್ನುವುದು ಕಷ್ಟಪಟ್ಟರೆ ಬರುತ್ತದೆ. ಹುಡುಕಬೇಕು, ಸಿಗಬಾರದು, ಕಣ್ಣು ಖಾಲಿಯಾಗಬೇಕು. 'ಅಲ್ಲ' ಮಾತ್ರ ಬರುವುದೇ ಇಲ್ಲ. ಇವಳು ಹೆಣ್ಣಲ್ಲ, ವಿಷ್ಣು ಅನ್ನುವುದನ್ನು ಯಾವ ಹಸ್ತದಲ್ಲಿ ಹಿಡಿಯುತ್ತೀರಿ? ಶಂಖ ಚಕ್ರ ತೋರಿಸಬಹುದು. ಆದರೆ ಶಂಖ ಚಕ್ರ ಯಾರದ್ದು ಅಂತ ನೋಡುವವರಿಗೆ ಮೊದಲೇ ಗೊತ್ತಿರಬೇಕು. ನಮ್ಮ ಹುಡುಗಿಗೆ ಗೊತ್ತಿರಲಿಲ್ಲ. ಸುಳ್ಳು ಇದೆ ಅನ್ನುವುದನ್ನು ಮಾತ್ರ ಕಣ್ಣಿನಿಂದ ಹಿಡಿದಳು. ಏನು ಸುಳ್ಳು ಅನ್ನುವುದಕ್ಕೆ ನಾನು ಬಾಯಿ ಬಿಡಬೇಕಾಯಿತು.

ಹಾಗಂತ ಎಲ್ಲ ಕುಣಿತವೂ ಕಥೆ ಹೇಳಲೇಬೇಕು ಅಂತ ಇಲ್ಲ. ಹೋಳಿಯ ಹೊತ್ತಿಗೆ ಕೆಳಮನೆಯ ಹುಡುಗಿಯ ಜೊತೆ ಅಂಕೋಲಾದ ಕಡೆ ಹೋದಾಗ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಕಂಡಿತು. ತಲೆಯ ಮೇಲೆ ಬಣ್ಣಬಣ್ಣದ ಹೂವಿನ ಎತ್ತರದ ತುರಾಯಿ, ಸುತ್ತುವರಿದು ಕುಣಿಯುವ ಗಂಡಸರು. ಈ ಸಲ ನಾನೇ ಕೇಳಿದೆ, ಇದರಲ್ಲಿ ಏನು ಕಥೆ ಕಂಡಿತು ಅಂತ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಕಥೆ ಯಾಕೆ? ಬೆಳೆ ಬಂದಿದೆ, ಕುಣೀತಿದ್ದಾರೆ. ನಮ್ಮೂರಲ್ಲೂ ಹೀಗೇ." ಟೀಚರ್ ಬುದ್ಧಿಗೆ ಆಗಾಗ ಇಂಥದ್ದು ಬೀಳಬೇಕು.

ಯಾಣಕ್ಕೂ ಹೋಗಿ ಬಂದೆವು. ಭಸ್ಮಾಸುರ ಸುಟ್ಟುಹೋದದ್ದು ಅಲ್ಲೇ ಅನ್ನುತ್ತಾರೆ ನಮ್ಮವರು. ಅಲ್ಲಿನ ಕಪ್ಪು ಮಣ್ಣು ಅವನ ಬೂದಿಯಂತೆ. ಕಾಡಿನ ನಡುವೆ ಎರಡು ದೊಡ್ಡ ಕಪ್ಪು ಸುಣ್ಣಕಲ್ಲಿನ ಬಂಡೆ, 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. 'ಸೊಕ್ಕಿದ್ದರೆ ಯಾಣ, ರೊಕ್ಕವಿದ್ದರೆ ಗೋಕರ್ಣ' ಅಂತ ಗಾದೆ. ಈಗ ಹತ್ತಿರದ ತನಕ ರಸ್ತೆ ಇದೆ, ಸೊಕ್ಕು ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಕೆಳಮನೆಯ ಹುಡುಗಿ ಮೋಹಿನಿ ಶಿಖರವನ್ನು ತಲೆ ಎತ್ತಿ ನೋಡಿ, "ಇಲ್ಲಿ ಕಣ್ಣು ಎಲ್ಲಿದೆ ದೀದಿ?" ಅಂದಳು. ಇಬ್ಬರೂ ಹುಡುಕಿದೆವು. ಸಿಗಲಿಲ್ಲ. ಕಾಲ ಕೆಳಗಿನ ಮಣ್ಣು ಮಾತ್ರ ನಿಜಕ್ಕೂ ಕಪ್ಪಗಿತ್ತು.

ಈಗ ಬೆಳಿಗ್ಗೆ ನಮ್ಮ ಹಾಲಿನಲ್ಲಿ ಎರಡು ಜೊತೆ ಕಾಲು. ಪುಟ್ಟಿಯೂ ಮೇಲೆ ಬಂದು ನನ್ನ ಮಗಳ ಹಿಂದೆ ನಿಂತು ತೈಯಾ ತೈ ಅನ್ನುತ್ತಾಳೆ. ಕೆಳಗೆ ಅವರ ಫ್ಯಾನು ಇನ್ನೂ ಜಾಸ್ತಿ ಅಲುಗುತ್ತಿರಬೇಕು. ಆದರೆ ಅಭ್ಯಾಸ ಹತ್ತು ನಿಮಿಷ, ಆಮೇಲೆ ಇಬ್ಬರದ್ದೂ ಭಸ್ಮಾಸುರನ ಆಟ. ಪುಟ್ಟಿಯೇ ಯಾವಾಗಲೂ ಭಸ್ಮಾಸುರ. ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಮನೆಯಿಡೀ ಓಡಾಡುತ್ತಾಳೆ. ಸೋಫಾದ ಮೇಲೆ ಹತ್ತುವಾಗಲೂ ದೂರ, ಮೂಗು ಒರೆಸಿಕೊಳ್ಳುವುದು ಎಡಗೈಯಲ್ಲಿ.

ನಿನ್ನೆ ಎಳ್ಳುಂಡೆ ಮಾಡಿದ್ದೆ. ಒಂದು ತೆಗೆದು ಪುಟ್ಟಿಯ ಮುಂದೆ ಹಿಡಿದೆ. ಎಡಗೈ ಚಾಚಿದಳು. ಎಡಗೈಯಲ್ಲಿ ತಿಂಡಿ ಇಸಿದುಕೊಂಡರೆ ನಮ್ಮ ಆಯಿ ನನ್ನ ಕೈಗೆ ಪಟ್ ಅಂತ ಹೊಡೆಯುತ್ತಿದ್ದಳು. ನಾನೂ ನನ್ನ ಮಗಳಿಗೆ ಹೊಡೆದಿದ್ದೇನೆ. 'ಬಲಗೈ' ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬಲಗೈ ಕಂಡಿತು. ಬೆನ್ನ ಹಿಂದೆ, ಗೋಡೆಗೂ ತಾಗದ ಹಾಗೆ, ಬೆರಳು ಬಿಡಿಸಿ ಹಿಡಿದಿದ್ದಳು. ಕಣ್ಣು ಅತ್ತಲೇ ಇತ್ತು.

ಎಡಗೈಗೇ ಕೊಟ್ಟೆ.